ಗರಗರ ಅನ್ನುವ ಹಬ್: ಮೌಂಟನ್ ಬೈಕಿನ ಬೇರಿಂಗ್ ಮನೆಯಲ್ಲೇ ಬದಲಾಯಿಸುವುದು

ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಕೊಡಗಿನ ಗಾಳಿಬೀಡು, ಮಾಂದಲಪಟ್ಟಿ ಕಡೆ ಕೆಸರಿನಲ್ಲಿ ಓಡಿಸಿದ ಸೈಕಲ್ಲನ್ನು ಸೆಪ್ಟೆಂಬರಿನಲ್ಲಿ ಬರುವ ಕೈಲ್ ಮುಹೂರ್ತದ ಹೊತ್ತಿಗೆ ಒಮ್ಮೆ ಎತ್ತಿ ಹಿಡಿದು ಹಿಂದಿನ ಚಕ್ರ ತಿರುಗಿಸಿ ನೋಡಿ. ಗರಗರ ಅಂದರೆ ಮುಂದೆ ಓದಿ. ಊರಲ್ಲಿ ಎಲ್ಲರೂ ಕೋವಿ, ಕತ್ತಿ, ಗುದ್ದಲಿ ತೊಳೆದು ಒರೆಸಿ ಪೂಜೆಗೆ ಇಡುವ ಆ ವಾರದಲ್ಲಿ ನಾನು ಚಕ್ರದ ನಡುವಿನ ದಿಂಡು, ಅಂದರೆ ಹಬ್ ಬಿಚ್ಚಿಕೊಂಡು ಕೂರುತ್ತೇನೆ. ಆಯುಧಗಳ ಸಾಲಿನ ಕೊನೆಯಲ್ಲಿ ನನ್ನ ಸ್ಪ್ಯಾನರುಗಳನ್ನೂ ಇಡುತ್ತೇನೆ, ಇದುವರೆಗೆ ಯಾರೂ ಬೇಡ ಅಂದಿಲ್ಲ.

ನಮ್ಮ ಕಡೆ ಬೇರಿಂಗ್ ಕೆಡಿಸುವುದು ನೀರು. ಬಯಲುಸೀಮೆಯ ಗೆಳೆಯರು ಒಂದೇ ಬೇರಿಂಗಿನಲ್ಲಿ ವರ್ಷಗಟ್ಟಲೆ ಓಡಿಸುತ್ತಾರೆ, ನಮಗೆ ಒಂದು ಮಳೆಗಾಲ ದಾಟಿದರೆ ದೊಡ್ಡದು. ಸೀಲಿನ ಸಂದಿಯಲ್ಲಿ ಒಳಗೆ ಹೋದ ನೀರು ಹೊರಗೆ ಬರುವುದಿಲ್ಲ. ಗ್ರೀಸ್ ಆ ನೀರು ಕುಡಿದು ಹಾಲು ಜಾಸ್ತಿ ಹಾಕಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ತೆಳ್ಳಗಾಗಿ ಕರಗಿ ಹೋಗುತ್ತದೆ, ಒಳಗಿನ ಉಕ್ಕಿನ ಗುಂಡುಗಳ ಮೇಲೆ ತುಕ್ಕಿನ ಚುಕ್ಕಿ ಬೀಳುತ್ತದೆ. ಒಮ್ಮೆ ಚುಕ್ಕಿ ಬಿದ್ದರೆ ಎಷ್ಟು ಗ್ರೀಸ್ ತುಂಬಿದರೂ ಅದು ವಾಪಸ್ ಸರಿಯಾಗುವುದಿಲ್ಲ.

ಇದಕ್ಕೆ ನಾನೇ ಸಾಕ್ಷಿ. ಮೊದಲ ವರ್ಷ ಕೆಸರು ಮೆತ್ತಿದ ಸೈಕಲ್ಲನ್ನು ಜೀಪ್ ತೊಳೆಯುವ ವಾಟರ್ ಸರ್ವೀಸಿಗೆ ಒಯ್ದು, ಗನ್ ಹಿಡಿದಿದ್ದ ಹುಡುಗನಿಗೆ "ಚಕ್ರದ ನಡುವೆ ಚೆನ್ನಾಗಿ ಹೊಡಿ ಮಾರಾಯ" ಅಂತ ನಾನೇ ಹೇಳಿದ್ದೆ. ಅವನು ಪಾಪ ಚೆನ್ನಾಗಿಯೇ ಹೊಡೆದ. ಮೂರೇ ವಾರ, ಹಿಂದಿನ ಚಕ್ರ ಎಡಕ್ಕೂ ಬಲಕ್ಕೂ ಓಲಾಡಲು ಶುರು. ಲಾರಿಯ ಚಾಸಿಸ್‌ನ ಮಣ್ಣು ಕೀಳುವ ರಭಸದ ನೀರಿಗೆ ಸೈಕಲ್ಲಿನ ತೆಳ್ಳನೆ ರಬ್ಬರ್ ಸೀಲ್ ಯಾವ ಲೆಕ್ಕ?

ರೋಗ ಎಲ್ಲಿದೆ ಅಂತ ಮೊದಲು ನೋಡಿ

ಚಕ್ರ ಸೈಕಲ್ಲಿನಲ್ಲೇ ಇರಲಿ. ಟಯರನ್ನು ಮೇಲ್ಗಡೆ, ಫ್ರೇಮಿನ ಹತ್ತಿರ ಹಿಡಿದು ಅತ್ತಿತ್ತ ಅಲ್ಲಾಡಿಸಿ. ಟಕ್ ಟಕ್ ಅಂದರೆ ಎಲ್ಲೋ ಲೂಸ್ ಇದೆ. ಆದರೆ ಅದು ಹಬ್‌ನದ್ದೇ ಅಂತ ತಕ್ಷಣ ತೀರ್ಮಾನ ಮಾಡಬೇಡಿ. ಮೊದಲು ಆಕ್ಸಲ್, ಅಂದರೆ ಚಕ್ರದ ಅಚ್ಚು, ಬಿಗಿಯಾಗಿದೆಯಾ ನೋಡಿ. ಸುಮ್ನೆ ಆಕ್ಸಲ್ ಲೂಸ್ ಆಗಿದ್ದಕ್ಕೆ ಇಡೀ ಹಬ್ ಬಿಚ್ಚಿದವರು ಇದ್ದಾರೆ, ಅವರಲ್ಲಿ ನಾನೂ ಒಬ್ಬ. ಹಿಂದೆಯೂ ಸಸ್ಪೆನ್ಶನ್ ಇರುವ ಸೈಕಲ್ಲಾದರೆ ಫ್ರೇಮಿನ ಕೀಲುಗಳಾದ ಪಿವಟ್‌ಗಳೂ ಹೀಗೇ ಆಡುತ್ತವೆ. ಒಂದು ಬೆರಳನ್ನು ಹಬ್ ಮತ್ತು ಫ್ರೇಮ್ ಎರಡಕ್ಕೂ ತಾಗುವ ಹಾಗೆ ಇಟ್ಟು ಅಲ್ಲಾಡಿಸಿದರೆ ಯಾವುದು ಆಡುತ್ತಿದೆ ಅಂತ ಬೆರಳಿಗೇ ಗೊತ್ತಾಗುತ್ತದೆ.

ಆಮೇಲೆ ಚಕ್ರ ಕಳಚಿ ಆಕ್ಸಲ್ಲಿನ ತುದಿಯನ್ನು ಎರಡು ಬೆರಳಿನಲ್ಲಿ ಹಿಡಿದು ನಿಧಾನ ತಿರುಗಿಸಿ. ಒಳ್ಳೆಯ ಬೇರಿಂಗ್ ಬೆಣ್ಣೆಯ ಹಾಗೆ, ತುಸು ಬಿಗಿಯಾಗಿ ತಿರುಗುತ್ತದೆ. ಹಾಳಾದದ್ದು ಮರಳು ಸಿಕ್ಕಿದ ಹಾಗೆ ಕರಕರ ಅನ್ನುತ್ತದೆ, ಅಥವಾ ಒಂದೊಂದು ಜಾಗದಲ್ಲಿ ತಡೆದು ತಡೆದು ಹೋಗುತ್ತದೆ. ಏನೂ ತಡೆಯಿಲ್ಲದೆ ಗಿರಗಿರ ತಿರುಗಿದರೆ ಖುಷಿಪಡಬೇಡಿ, ಒಳಗೆ ಗ್ರೀಸೇ ಇಲ್ಲ ಅಂತ ಅರ್ಥ. ಇನ್ನೊಂದು ಗುರುತು ಹಿಂದಿನ ಚಕ್ರದ್ದು: ಪೆಡಲ್ ನಿಲ್ಲಿಸಿದಾಗ ಮೇಲಿನ ಚೈನ್ ಜೋಲು ಬೀಳುತ್ತದೆ, ಅಥವಾ ಪೆಡಲ್ ತಾನಾಗಿ ಮುಂದಕ್ಕೆ ತಿರುಗುತ್ತದೆ. ಅದು ಫ್ರೀಹಬ್, ಅಂದರೆ ಪೆಡಲ್ ನಿಂತರೂ ಚಕ್ರ ತಿರುಗಲು ಬಿಡುವ ಭಾಗ, ಅದರ ಒಳಗಿನ ಬೇರಿಂಗಿನ ದೂರು.

ಸಾಮಾನ್ಯವಾಗಿ ಮುಂದಿನ ಹಬ್‌ನಲ್ಲಿ ಎರಡು ಬೇರಿಂಗ್. ಹಿಂದೆ ನಾಲ್ಕು, ಎರಡು ಹಬ್ ಒಳಗೆ, ಇನ್ನೆರಡು ಕ್ಯಾಸೆಟ್, ಅಂದರೆ ಗಿಯರ್ ಹಲ್ಲುಚಕ್ರಗಳ ಗೊಂಚಲು, ಕೂರುವ ಫ್ರೀಹಬ್ ಒಳಗೆ. ಹಾಳಾದದ್ದು ಒಂದೇ ಆದರೂ ಜೋಡಿ ಬದಲಾಯಿಸಿ. ಬಿಚ್ಚುವ ಕಷ್ಟ ಒಂದೇ, ಬೇರಿಂಗಿನ ದುಡ್ಡು ಅದಕ್ಕೆ ಹೋಲಿಸಿದರೆ ಏನೂ ಅಲ್ಲ.

ಇಲ್ಲೊಂದು ಮಾತು. ಶಿಮಾನೊ ಹಬ್‌ಗಳಲ್ಲಿ ಬಹುತೇಕ, ಮತ್ತೆ ಕಡಿಮೆ ಬೆಲೆಯ ಸೈಕಲ್ಲುಗಳಲ್ಲಿ, ಗುಂಡು, ಬಳೆ, ಸೀಲ್ ಎಲ್ಲ ಸೇರಿ ಒಂದೇ ತುಂಡಾಗಿ ಬರುವ ಈ ಡಬ್ಬಿ ತರಹದ ಬೇರಿಂಗ್ ಇರುವುದಿಲ್ಲ. ಹಬ್ ಒಳಗೆ ಬಟ್ಟಲಿನಂಥ ಕಪ್, ಆಕ್ಸಲ್ ಮೇಲೆ ಕೋನ್, ನಡುವೆ ಬಿಡಿ ಬಾಲ್ಸ್, ಅಷ್ಟೇ. ಅದನ್ನು ಊರಿನ ಯಾವ ಹಳೆಯ ಸೈಕಲ್ ಶಾಪಿನವರೂ ಕಣ್ಣುಮುಚ್ಚಿ ಮಾಡುತ್ತಾರೆ. ಹಿಂದೆ ಸಾಮಾನ್ಯವಾಗಿ ಒಂದೊಂದು ಬದಿಗೆ ಕಾಲು ಇಂಚಿನ 9 ಬಾಲ್ಸ್, ಮುಂದೆ 3/16 ಇಂಚಿನ 10. ಕೋನ್ ಸವೆದಿದ್ದರೆ ಹೊಸದು ಸಿಗುತ್ತದೆ, ಹಬ್ ಒಳಗಿನ ಕಪ್ಪಿನಲ್ಲಿ ಗುಳಿ ಬಿದ್ದಿದ್ದರೆ ಹಬ್ ಮುಗಿಯಿತು ಅಂತಲೇ ಲೆಕ್ಕ. ಲಿವರ್ ಎಳೆದು ಕಳಚುವ ಕ್ವಿಕ್ ರಿಲೀಸ್ ಇರುವ ಚಕ್ರದಲ್ಲಿ ಕೋನ್ ಬಿಗಿ ಮಾಡುವಾಗ ಕೂದಲೆಳೆಯಷ್ಟು ಲೂಸ್ ಬಿಡಿ, ಲಿವರ್ ಒತ್ತಿದಾಗ ಆಕ್ಸಲ್ ಅದುಮಿಕೊಂಡು ಆ ಲೂಸ್ ಸರಿಹೋಗುತ್ತದೆ. ಅದರ ವಿಷಯ ಇಷ್ಟು ಸಾಕು, ನಾನು ಹೇಳಹೊರಟದ್ದು ಡಬ್ಬಿ ಬೇರಿಂಗ್, ಅಂದರೆ ಕಾರ್ಟ್ರಿಜ್ ಬೇರಿಂಗಿನದ್ದು.

ನಂಬರ್ ಓದಲು ಕಲಿಯಿರಿ, ಅರ್ಧ ಕೆಲಸ ಮುಗಿಯಿತು

ಸೈಕಲ್ ಬೇರಿಂಗ್ ಅಂತ ಒಂದು ಜಾತಿಯೇ ಇಲ್ಲ. ಇದು ಗೊತ್ತಾದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ, ಯಾಕೆಂದರೆ ಅಲ್ಲಿಯವರೆಗೆ ನಾನು ಬೆಂಗಳೂರಿನಿಂದ ತರಿಸಬೇಕು, ಕೊರಿಯರ್ ಮಳೆಯಲ್ಲಿ ಎಲ್ಲಿ ಸಿಕ್ಕಿಕೊಂಡಿದೆಯೋ ಅಂತ ದಾರಿ ಕಾಯುತ್ತಿದ್ದೆ. ನಿಮ್ಮ ಹಬ್‌ನಲ್ಲಿ ಇರುವುದು ಮೋಟರಿನಲ್ಲಿ, ಪಂಪಿನಲ್ಲಿ ಇರುವ ಜಾತಿಯದ್ದೇ. ಕುಶಾಲನಗರ, ಗೋಣಿಕೊಪ್ಪ, ಮಡಿಕೇರಿ ಎಲ್ಲಾದರೂ ಕಾಫಿ ಹಣ್ಣು ಸುಲಿಯುವ ಪಲ್ಪರಿನ ಬೆಲ್ಟು, ಮೋಟರಿನ ಬೇರಿಂಗ್ ಇಟ್ಟುಕೊಂಡ ಅಂಗಡಿಗೆ ಹೋಗಿ ನಂಬರ್ ಹೇಳಿ. ನಾನು ಮೊದಲ ಸಲ ಹೋದಾಗ ಅಂಗಡಿಯವರು "ಯಾವ ಮೋಟರಿಗೆ ಸಾರ್?" ಅಂದರು. "ಮೋಟರಿಗಲ್ಲ ಅಣ್ಣ, ಸೈಕಲ್ಲಿಗೆ" ಅಂದೆ. ಅವರು ನನ್ನನ್ನೂ ನೋಡಿದರು, ಬೇರಿಂಗನ್ನೂ ನೋಡಿದರು, ಏನೂ ಹೇಳದೆ ಎರಡು ಡಬ್ಬಿ ತೆಗೆದು ಮುಂದಿಟ್ಟರು.

ನಂಬರ್ ಸೀಲಿನ ಮೇಲೆ ಅಥವಾ ಬಳೆಯ ಅಂಚಿನಲ್ಲಿ ಅಚ್ಚಾಗಿರುತ್ತದೆ. ಉದಾಹರಣೆಗೆ 6902. ಮೊದಲ 6 ಅಂದರೆ ಒಂದೇ ಸಾಲಿನ ಗುಂಡು ಇರುವ ಸಾಮಾನ್ಯ ಬೇರಿಂಗ್. ಎರಡನೆಯ ಅಂಕಿ ಮೈಕಟ್ಟು, 8 ಮತ್ತು 9 ಅಂದರೆ ತೆಳ್ಳನೆಯವು, 0, 2, 3 ಅಂದರೆ ದಪ್ಪನೆಯವು. ಕೊನೆಯ ಎರಡು ಅಂಕಿ ಒಳಗಿನ ತೂತಿನ ಅಳತೆ: 00 ಅಂದರೆ 10 ಮಿಲಿಮೀಟರ್, 01 ಅಂದರೆ 12, 02 ಅಂದರೆ 15, 03 ಅಂದರೆ 17. 04ರಿಂದ ಮೇಲೆ 5ರಿಂದ ಗುಣಿಸಿ, 04 ಅಂದರೆ 20. ಹಾಗಾಗಿ 6802, 6902, 6002 ಮೂರಕ್ಕೂ ತೂತು 15 ಮಿಲಿಮೀಟರೇ, ಆದರೆ ಹೊರಗಿನ ಅಳತೆ ಕ್ರಮವಾಗಿ 24, 28, 32, ದಪ್ಪ 5, 7, 9. ಒಂದು ಅಂಕಿ ತಪ್ಪಿ ಹೇಳಿದರೆ ಮನೆಗೆ ಬಂದು ಹಣೆ ಚಚ್ಚಿಕೊಳ್ಳಬೇಕು. ಮೌಂಟನ್ ಬೈಕುಗಳಲ್ಲಿ ನಾನು ಜಾಸ್ತಿ ಕಂಡದ್ದು 6902, 6903, 6802, 6803, ಹಳೆಯ ಕ್ವಿಕ್ ರಿಲೀಸ್ ಹಬ್‌ಗಳಲ್ಲಿ 6000, 6001. ಅಚ್ಚು ಅಳಿಸಿ ಹೋಗಿದ್ದರೆ ವರ್ನಿಯರ್‌ನಲ್ಲಿ ತೂತು, ಹೊರ ಅಳತೆ, ದಪ್ಪ ಮೂರನ್ನೂ ಅಳೆದು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಕೆಲವು ಹಬ್‌ಗಳಲ್ಲಿ 15267 ಅಂತ ಐದಂಕಿ ಇರುತ್ತದೆ. ಅದು ನೇರ ಅಳತೆ, 15, 26, 7. ಇಂಥವು ಮೋಟರ್ ಅಂಗಡಿಯಲ್ಲಿ ಸಿಗುವುದು ಕಷ್ಟ, ತರಿಸಿಯೇ ತೀರಬೇಕು.

ನಂಬರಿನ ಬಾಲವೂ ಮುಖ್ಯ, ನಮ್ಮ ಮಳೆಗೆ ಇನ್ನೂ ಮುಖ್ಯ. ಝಡ್‌ಝಡ್ ಅಂದರೆ ಎರಡೂ ಕಡೆ ತಗಡಿನ ಮುಚ್ಚಳ. ಧೂಳು ತಡೆಯುತ್ತದೆ, ನೀರು ತಡೆಯುವುದಿಲ್ಲ. ಬೇಡ. 2ಆರ್‌ಎಸ್ ಅಂದರೆ ಎರಡೂ ಕಡೆ ರಬ್ಬರ್ ಸೀಲ್, ಅದನ್ನೇ ಕೇಳಿ. ಎನ್‌ಟಿಎನ್ ಕಂಪನಿಯವರು ಇದನ್ನೇ ಎಲ್‌ಎಲ್‌ಯು ಅಂತ ಬರೆಯುತ್ತಾರೆ, ಎನ್‌ಎಸ್‌ಕೆಯವರು ಡಿಡಿಯು ಅಂತ. ಅದೇ ಎನ್‌ಟಿಎನ್‌ನ ಎಲ್‌ಎಲ್‌ಬಿ ಕೂಡ ರಬ್ಬರೇ, ಆದರೆ ಒಳ ಬಳೆಗೆ ತಾಗದ ರಬ್ಬರ್. ಹಗುರಾಗಿ ತಿರುಗುತ್ತದೆ, ಭಾಗಮಂಡಲದ ಜುಲೈ ಮಳೆಗೆ ಅದು ಸಾಲದು. ಕೆಲವು ಸಲ ಬಾಲದಲ್ಲಿ ಸಿ3 ಅಂತಲೂ ಇರುತ್ತದೆ, ಗುಂಡು ಮತ್ತು ಬಳೆಯ ನಡುವೆ ಸ್ವಲ್ಪ ಹೆಚ್ಚು ಸಡಿಲ ಅಂತ ಅರ್ಥ. ಬಿಸಿಯಾಗಿ ಹಿಗ್ಗುವ ಮೋಟರಿಗೆ ಅದು ಬೇಕು. ಹಬ್‌ಗೆ ಹಾಕಿದರೆ ನಡೆಯುತ್ತದೆ, ಆದರೆ ರಿಮ್ ಹತ್ತಿರ ಸಣ್ಣಗೆ ಆಡಿದ ಹಾಗೆ ಅನ್ನಿಸಬಹುದು. ಬೇರೆ ಇದ್ದರೆ ಬೇರೆಯದೇ ಕೇಳಿ. ಕಂಪನಿ ಯಾವುದಾದರೂ ಪರವಾಗಿಲ್ಲ, ಎಸ್‌ಕೆಎಫ್, ಎನ್‌ಬಿಸಿ, ಎಫ್‌ಎಜಿ. ಹೆಸರೇ ಇಲ್ಲದ ಡಬ್ಬಿಯದ್ದು ಮಾತ್ರ ಬೇಡ.

ಒಂದು ನಿಯಮ

ಇಡೀ ಕೆಲಸದಲ್ಲಿ ನೆನಪಿಡಬೇಕಾದ್ದು ಒಂದೇ. ಬೇರಿಂಗ್ ಅಂದರೆ ಎರಡು ಬಳೆ, ನಡುವೆ ಗುಂಡು. ಹೊರಗಿನ ಬಳೆ ಹಬ್‌ನ ಗುಳಿಯಲ್ಲಿ ಬಿಗಿಯಾಗಿ ಕೂತಿರುತ್ತದೆ, ಒಳಗಿನ ಬಳೆಯಲ್ಲಿ ಆಕ್ಸಲ್ ಕೂರುತ್ತದೆ. ಯಾವ ಬಳೆ ಬಿಗಿಯಾಗಿದೆಯೋ ಆ ಬಳೆಯನ್ನೇ ಒತ್ತಬೇಕು. ಒಳ ಬಳೆಗೆ ಹೊಡೆದರೆ ಪೆಟ್ಟು ಗುಂಡುಗಳ ಮೂಲಕವೇ ಹೊರ ಬಳೆಗೆ ಹೋಗಬೇಕು, ಹೋಗುವ ದಾರಿಯಲ್ಲಿ ಬಳೆಯ ಮೇಲೆ ಸಣ್ಣ ಸಣ್ಣ ಗುಳಿ ಮಾಡಿ ಹೋಗುತ್ತದೆ. ಹೊಚ್ಚ ಹೊಸ ಬೇರಿಂಗ್ ಮೊದಲ ದಿನವೇ ಕರಕರ ಅನ್ನುವುದು ಇದರಿಂದಲೇ. ಹಳೆಯದನ್ನು ತೆಗೆಯುವಾಗ ಮಾತ್ರ ಒಳ ಬಳೆಗೆ ಹೊಡೆಯದೆ ಬೇರೆ ದಾರಿ ಇಲ್ಲ, ಹೇಗೂ ಅದು ಗುಜರಿಗೆ. ಅದಕ್ಕೇ, ಹೊಡೆದು ತೆಗೆದ ಬೇರಿಂಗನ್ನು ಚೆನ್ನಾಗಿದೆ ಅಂತ ಮತ್ತೆ ಹಾಕಬಾರದು.

ಬಿಚ್ಚುವುದು

ಹಾರ್ಡ್‌ವೇರ್ ಅಂಗಡಿಯಿಂದ 10 ಎಂಎಂ ಥ್ರೆಡ್ ರಾಡ್ ಒಂದು ಅಡಿ, ಎರಡು ನಟ್, ಐದಾರು ದಪ್ಪ ವಾಷರ್ ತನ್ನಿ. 10 ಎಂಎಂ ತೂತಿನ 6000 ಬೇರಿಂಗಾದರೆ 8 ಎಂಎಂ ರಾಡ್. ಮನೆಯಲ್ಲಿ ಜೀಪಿಗಾಗಿ ಇಟ್ಟ ಸಾಕೆಟ್ ಸೆಟ್ ಇದ್ದರೆ ಇನ್ನೇನು ಬೇಕು. ಜೊತೆಗೆ ಆಲನ್ ಕೀ, ಬ್ರೇಕ್ ಡಿಸ್ಕಿಗೆ ಟಿ25 ಕೀ, ಕ್ಯಾಸೆಟ್ ಬಿಚ್ಚುವ ಟೂಲ್ ಮತ್ತು ಅದು ತಿರುಗದ ಹಾಗೆ ಹಿಡಿಯುವ ಚೈನ್ ವಿಪ್, ಉದ್ದನೆಯ ಪಂಚ್, ಸುತ್ತಿಗೆ, ಮರದ ತುಂಡು. ಕಾಫಿ ಕಣದ ಸಿಮೆಂಟಿನ ಮೇಲೆ ಕೂತು ಬಿಚ್ಚುವುದಾದರೆ ಕೆಳಗೆ ಹಳೆಯ ಬಿಳಿ ಪಂಚೆ ಹಾಸಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲು ಡಿಸ್ಕ್ ಬಿಚ್ಚಿ ಒಳಗೆ ಎಲ್ಲಾದರೂ ಕಾಗದದಲ್ಲಿ ಸುತ್ತಿಡಿ. ಗ್ರೀಸ್ ಕೈಯಲ್ಲಿ ಒಮ್ಮೆ ಮುಟ್ಟಿದರೂ ಬ್ರೇಕ್ ಕಿರುಚಲು ಶುರು ಮಾಡುತ್ತದೆ, ಪ್ಯಾಡ್ ಎಣ್ಣೆ ಕುಡಿದರೆ ಅದಕ್ಕೂ ಗತಿ ಇಲ್ಲ. ಆಮೇಲೆ ಕ್ಯಾಸೆಟ್. ಹಬ್‌ನ ಎರಡೂ ತುದಿಯ ಟೋಪಿಗಳನ್ನು ತೆಗೆಯುವ ಮೊದಲು ಮೊಬೈಲಿನಲ್ಲಿ ಎರಡೂ ಕಡೆಯಿಂದ ಫೋಟೋ ತೆಗೆಯಿರಿ. ಎಡಕ್ಕೂ ಬಲಕ್ಕೂ ಟೋಪಿ ಬೇರೆ ಬೇರೆ ಇರುತ್ತದೆ, ಜೋಡಿಸುವ ಹೊತ್ತಿಗೆ ಕರೆಂಟ್ ಹೋಗಿರುತ್ತದೆ, ಯಾವುದು ಯಾವ ಕಡೆಯದು ಅಂತ ಟಾರ್ಚಿನಲ್ಲಿ ನೋಡಿದರೆ ಎರಡೂ ಒಂದೇ ತರ ಕಾಣುತ್ತವೆ.

ಟೋಪಿಗಳು ಕೆಲವು ಹಬ್‌ಗಳಲ್ಲಿ ಕೈಯಲ್ಲಿ ಎಳೆದರೆ ಬರುತ್ತವೆ. ಬರದಿದ್ದರೆ ಹಳೆಯ ಟ್ಯೂಬಿನ ತುಂಡು ಸುತ್ತಿ ವೈಸ್‌ನಲ್ಲಿ ಮೆಲ್ಲಗೆ ಹಿಡಿದು ಚಕ್ರವನ್ನೇ ಮೇಲಕ್ಕೆ ಎಳೆಯಿರಿ. ಇನ್ನು ಕೆಲವಕ್ಕೆ ಒಳಗೆ ಥ್ರೆಡ್ ಇರುತ್ತದೆ, ಎರಡೂ ಬದಿಗೆ ಆಲನ್ ಕೀ ಹಾಕಿ ತಿರುಗಿಸಬೇಕು, ಅಥವಾ ತೆಳ್ಳನೆ ಕೋನ್ ಸ್ಪ್ಯಾನರ್ ಬೇಕು. ಟೋಪಿ ಹೋದ ಮೇಲೆ ಫ್ರೀಹಬ್ ಹೊರಗೆ ಜಾರುತ್ತದೆ. ಇಲ್ಲಿಗೆ ಬಿಳಿ ಪಂಚೆ. ಅದರೊಳಗೆ ಇರುವ ಪಾಲ್‌ಗಳು, ಅಂದರೆ ಟಿಕ್ ಟಿಕ್ ಶಬ್ದ ಮಾಡುವ ಸಣ್ಣ ಹಲ್ಲುಗಳು, ಅವುಗಳ ಕೂದಲಿನಂಥ ಸ್ಪ್ರಿಂಗ್‌ಗಳು, ಎಳೆದ ರಭಸಕ್ಕೆ ಹಾರಿ ಎಲ್ಲಿ ಬೇಕಾದರೂ ಬೀಳುತ್ತವೆ. ನನ್ನದೊಂದು ಸ್ಪ್ರಿಂಗ್ ಕಾಫಿ ಗಿಡದ ಬುಡಕ್ಕೆ ಹಾರಿ, ಅರ್ಧ ಗಂಟೆ ತರಗೆಲೆ ಕೆದಕಿ ಕೊನೆಗೆ ಸಿಕ್ಕಿದ್ದು ಎರಡು ಜಿಗಣೆ.

ಈಗ ಹಳೆಯ ಬೇರಿಂಗ್. ಆಕ್ಸಲ್ಲಿನ ನಡುವೆ ಭುಜದ ಹಾಗೆ ದಪ್ಪ ಇದ್ದರೆ ನಿಮ್ಮ ಅದೃಷ್ಟ. ಚಕ್ರವನ್ನು ಎರಡು ಮರದ ತುಂಡಿನ ಮೇಲೆ, ಹಬ್‌ನ ದೇಹಕ್ಕೆ ಮಾತ್ರ ಆನಿಕೆ ಸಿಗುವ ಹಾಗೆ ಇಟ್ಟು, ಆಕ್ಸಲ್ಲಿನ ತುದಿಗೆ ಮರ ಇಟ್ಟು ತಟ್ಟಿ. ಆ ಭುಜ ಕೆಳಗಿನ ಬೇರಿಂಗನ್ನು ತಳ್ಳಿಕೊಂಡು ಹೊರಗೆ ಬರುತ್ತದೆ. ಆಮೇಲೆ ತಿರುಗಿಸಿ ಇನ್ನೊಂದು. ಕಡ್ಡಿಗಳ ಮೇಲೆ ಭಾರ ಬೀಳದ ಹಾಗೆ ನೋಡಿಕೊಳ್ಳಿ.

ಭುಜ ಇಲ್ಲದ ಹಬ್‌ನಲ್ಲಿ ಎರಡು ಬೇರಿಂಗ್ ನಡುವೆ ಒಂದು ಸಡಿಲ ಕೊಳವೆ ಇರುತ್ತದೆ. ಪಂಚ್ ಒಳಗೆ ಹಾಕಿ ಅದನ್ನು ಒಂದು ಬದಿಗೆ ಸರಿಸಿದರೆ ಎದುರಿನ ಬೇರಿಂಗಿನ ಒಳ ಬಳೆಯ ಅಂಚು ಉಗುರಿನಷ್ಟು ಕಾಣುತ್ತದೆ. ಅಲ್ಲಿ ಪಂಚ್ ಇಟ್ಟು ಒಂದು ಪೆಟ್ಟು, ಎದುರು ಬದಿಗೆ ಒಂದು ಪೆಟ್ಟು, ಹೀಗೆ ಸುತ್ತುತ್ತಾ ಹೋಗಿ. ಒಂದೇ ಕಡೆ ಹೊಡೆದರೆ ಬೇರಿಂಗ್ ಓರೆಯಾಗಿ ಸಿಕ್ಕಿಕೊಂಡು ಅಲ್ಯೂಮಿನಿಯಂ ಗುಳಿಯನ್ನು ಗೀರುತ್ತದೆ. ಹಬ್ ಹಾಳಾಗುವುದು ಹೀಗೇ, ಅವಸರದಿಂದ.

ಎರಡೂ ಆಗದಿದ್ದರೆ, ಮುಖ್ಯವಾಗಿ ಫ್ರೀಹಬ್ ಒಳಗೆ, ನನ್ನ ಉಪಾಯ ಗೋಡೆಗೆ ಹೊಡೆಯುವ ಆಂಕರ್ ಬೋಲ್ಟ್. ಬೇರಿಂಗಿನ ತೂತಿಗೆ ಸರಿಯಾಗಿ ಹೊಂದುವುದನ್ನು ಆರಿಸಿ ಒಳಗೆ ಹಾಕಿ ಬಿಗಿ ಮಾಡಿದರೆ ಅದರ ಕವಚ ಅಗಲವಾಗಿ ಒಳ ಬಳೆಯನ್ನು ಕಚ್ಚಿ ಹಿಡಿಯುತ್ತದೆ, ಆಮೇಲೆ ಹಿಂದಿನಿಂದ ಬೋಲ್ಟಿಗೆ ತಟ್ಟಿದರೆ ಬೇರಿಂಗ್ ಸಮೇತ ಬರುತ್ತದೆ. ಇದಕ್ಕೆಂದೇ ಮಾಡಿದ ಪುಲ್ಲರ್ ಬರುತ್ತದೆ, ಚೆನ್ನಾಗಿಯೂ ಇರುತ್ತದೆ, ವರ್ಷಕ್ಕೊಮ್ಮೆ ಮಾಡುವ ಕೆಲಸಕ್ಕೆ ಅಷ್ಟು ದುಡ್ಡು ಬೇಕಾ ಅಂತ ನೀವೇ ಯೋಚಿಸಿ.

ತುಕ್ಕು ಹಿಡಿದು ಬಿಡದೇ ಹೋದರೆ ಹಬ್ ಬಿಸಿ ಮಾಡಿ. ಬೆಂಕಿ ಅಲ್ಲ. ಹೇರ್ ಡ್ರೈಯರ್, ಅದಿಲ್ಲದಿದ್ದರೆ ಕುದಿ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಪದೇ ಪದೇ ಸುತ್ತಿ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 28 ಎಂಎಂ ಗುಳಿಯನ್ನು 50 ಡಿಗ್ರಿ ಹೆಚ್ಚು ಬಿಸಿ ಮಾಡಿದರೆ ಅದು ಅಗಲವಾಗುವುದು 0.03 ಎಂಎಂ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ, ಆದರೆ ಬೇರಿಂಗ್ ಕಚ್ಚಿಕೊಂಡಿರುವುದೂ ಅಂಥದ್ದೇ ಅಳತೆಯಲ್ಲಿ.

ಗುಳಿ ನೋಡಿ, ಗ್ರೀಸ್ ತುಂಬಿ

ಖಾಲಿ ಗುಳಿಯನ್ನು ಡೀಸೆಲ್ ಬಟ್ಟೆಯಲ್ಲಿ ಒರೆಸಿ, ಬೆರಳು ಆಡಿಸಿ ನೋಡಿ. ಮುಳ್ಳಿನ ಹಾಗೆ ಏನಾದರೂ ತಾಗಿದರೆ ನುಣ್ಣನೆ ಮರಳು ಕಾಗದದಲ್ಲಿ ಆ ಮುಳ್ಳನ್ನು ಮಾತ್ರ ಸವರಿ. ಹೊಸ ಬೇರಿಂಗ್ ಬೆರಳಿನಲ್ಲಿ ಒತ್ತಿದರೇ ಒಳಗೆ ಹೋಗಿ ಕೂತರೆ ಗುಳಿ ಸವೆದಿದೆ. ನಮ್ಮ ಗ್ಯಾರೇಜುಗಳಲ್ಲಿ ಇದಕ್ಕೊಂದು ಹಳೆಯ ಮದ್ದು, ಗುಳಿಯ ಸುತ್ತ ಪಂಚಿನಲ್ಲಿ ಚುಕ್ಕಿ ಹೊಡೆದು ಉಬ್ಬಿಸುವುದು. ದಯವಿಟ್ಟು ಮಾಡಬೇಡಿ. ನಾಲ್ಕು ಉಬ್ಬಿನ ಮೇಲೆ ಕೂತ ಬೇರಿಂಗ್ ನೆಟ್ಟಗೆ ಕೂರುವುದಿಲ್ಲ, ಆ ಉಬ್ಬುಗಳೂ ಬೇಗ ಚಪ್ಪಟೆಯಾಗುತ್ತವೆ. ಅದರ ಬದಲು ಲಾಕ್‌ಟೈಟ್ 641 ತರಹದ, ಬೇರಿಂಗ್ ಹಿಡಿಸುವ ಅಂಟು ತನ್ನಿ. ಎಣ್ಣೆ ಪಸೆ ಒಂಚೂರೂ ಇಲ್ಲದ ಹಾಗೆ ಒರೆಸಿ, ಹೊರ ಬಳೆಗೆ ಮಾತ್ರ ತೆಳ್ಳಗೆ ಸವರಿ, ಕೂರಿಸಿ ಒಂದು ದಿನ ಬಿಡಿ. ಸೀಲಿನ ಕಡೆ ಹರಿದರೆ ಬೇರಿಂಗೇ ಅಂಟಿಕೊಳ್ಳುತ್ತದೆ, ಹುಷಾರು.

ಗುಳಿ ಬಿಗಿಯಾಗಿಯೇ ಇದ್ದರೆ ಅಂಟು ಬೇಡ, ತೆಳ್ಳಗೆ ಗ್ರೀಸ್ ಸವರಿ ಸಾಕು.

ಈಗ ಹೊಸ ಬೇರಿಂಗನ್ನು ಹಾಗೇ ಹಾಕಬೇಡಿ. ಕಂಪನಿಯಿಂದ ಬರುವಾಗ ಒಳಗೆ ಜಾಗದ ಮೂರನೇ ಒಂದು ಭಾಗದಷ್ಟು ಮಾತ್ರ ಗ್ರೀಸ್ ಇರುವುದು ಸಾಮಾನ್ಯ. ಅದು ಮೋಟರಿನ ಲೆಕ್ಕ. ನಿಮಿಷಕ್ಕೆ 1440 ಸುತ್ತು, 2880 ಸುತ್ತು ತಿರುಗುವ ಕಡೆ ಗ್ರೀಸ್ ಜಾಸ್ತಿಯಾದರೆ ಕಡೆದು ಕಡೆದು ಬಿಸಿಯಾಗುತ್ತದೆ. ನಮ್ಮ ಚಕ್ರ ಎಷ್ಟು ತಿರುಗುತ್ತದೆ? 29 ಇಂಚಿನ ಟಯರ್ ಒಂದು ಸುತ್ತಿಗೆ ಸುಮಾರು 2.3 ಮೀಟರ್ ಹೋಗುತ್ತದೆ, ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ನಿಮಿಷಕ್ಕೆ 145 ಸುತ್ತು. ಬಿಸಿಯಾಗುವ ಮಾತೇ ಇಲ್ಲ. ಹಾಗಾಗಿ ಹೊಲಿಗೆ ಸೂಜಿಯ ತುದಿಯನ್ನು ಸೀಲಿನ ಒಳ ಅಂಚಿಗೆ ಹಾಕಿ ಮೆಲ್ಲಗೆ ಎಬ್ಬಿಸಿ, ನೀರಿಗೆ ಜಗ್ಗದ ಗ್ರೀಸನ್ನು, ದೋಣಿಗಳಿಗೆ ಬಳಸುವ ಮರೀನ್ ಗ್ರೀಸ್ ಸಿಕ್ಕರೆ ಅದನ್ನೇ, ಬೆರಳಿನಲ್ಲಿ ಒತ್ತಿ ಹೆಚ್ಚುಕಡಿಮೆ ಭರ್ತಿ ತುಂಬಿ, ಸೀಲ್ ವಾಪಸ್ ಅದುಮಿ. ಗ್ರೀಸ್ ಇರುವ ಜಾಗಕ್ಕೆ ನೀರು ಬರಲು ಜಾಗವಿಲ್ಲ, ಅಷ್ಟೇ ವಿಷಯ. ತಿರುಗುವಾಗ ಮೊದಲು ಸ್ವಲ್ಪ ಭಾರ ಅನ್ನಿಸುತ್ತದೆ, ಎರಡು ರೈಡ್ ಆದ ಮೇಲೆ ಸರಿಹೋಗುತ್ತದೆ.

ಕೂರಿಸುವುದು

ಹಿಂದಿನ ರಾತ್ರಿ ಬೇರಿಂಗನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ ಫ್ರೀಜರಿನಲ್ಲಿಟ್ಟರೆ ಅದು ಕುಗ್ಗುತ್ತದೆ, ಹಬ್ ಬಿಸಿ ಮಾಡಿದರೆ ಗುಳಿ ಹಿಗ್ಗುತ್ತದೆ, ಎರಡೂ ಸೇರಿದರೆ ಅರ್ಧ ಬಲ ಸಾಕು. ಹಂದಿ ಮಾಂಸದ ಪಕ್ಕ ಬೇರಿಂಗ್ ನೋಡಿ ಅಮ್ಮ ಬೈದರು, ಅದು ಬೇರೆ ವಿಷಯ. ನಮ್ಮ ತೇವದ ಹವೆಯಲ್ಲಿ ಫ್ರೀಜರಿನಿಂದ ತೆಗೆದ ಕೂಡಲೇ ಬೇರಿಂಗ್ ಬೆವರುತ್ತದೆ, ಆದ್ದರಿಂದ ಎಲ್ಲ ಸಿದ್ಧ ಮಾಡಿಟ್ಟುಕೊಂಡೇ ತೆಗೆಯಿರಿ, ಒರೆಸಿ ತಕ್ಷಣ ಹಾಕಿ.

ಒತ್ತುವ ಸಾಕೆಟ್ಟಿನ ಹೊರ ಅಳತೆ ಬೇರಿಂಗಿಗಿಂತ ಕೂದಲಷ್ಟು ಸಣ್ಣದಿರಬೇಕು, ಹೊರ ಬಳೆಗೆ ಮಾತ್ರ ತಾಗಬೇಕು, ಸೀಲಿಗೆ ತಾಗಬಾರದು. ಅಂಥದ್ದು ಸಿಗದಿದ್ದರೆ ಹೊಡೆದು ತೆಗೆದ ಹಳೆಯ ಬೇರಿಂಗೇ ಇದೆಯಲ್ಲ! ಅದರ ಹೊರಮೈಯನ್ನು ಗ್ರೈಂಡರಿನಲ್ಲಿ ಒಂದಿಷ್ಟು ಸವೆಸಿಕೊಂಡರೆ ಅಳತೆ ಹೇಳಿ ಮಾಡಿಸಿದ ಹಾಗೆ. ಸವೆಸದೆ ಬಳಸಿದರೆ ಅದೂ ಒಳಗೆ ಹೋಗಿ ಕೂತುಬಿಡುತ್ತದೆ, ನಗಬೇಡಿ, ಆಗಿದೆ.

ಥ್ರೆಡ್ ರಾಡನ್ನು ಹಬ್ ಮೂಲಕ ತೂರಿಸಿ. ಒಂದು ಬದಿಗೆ ಹೊಸ ಬೇರಿಂಗ್, ಅದರ ಮೇಲೆ ಸಾಕೆಟ್, ವಾಷರ್, ನಟ್. ಎದುರು ಬದಿಗೆ ಹಬ್‌ನ ಅಂಚಿನ ಮೇಲೆ ಕೂರುವಷ್ಟು ದೊಡ್ಡ ವಾಷರ್ ಮತ್ತು ನಟ್. ಬೇರಿಂಗ್ ನೆಟ್ಟಗಿದೆಯಾ ಎಂದು ನಾಲ್ಕೂ ಕಡೆಯಿಂದ ನೋಡಿ, ಕೈಯಲ್ಲೇ ಬಿಗಿ ಮಾಡಿ, ಮತ್ತೆ ನೋಡಿ, ಆಮೇಲೆ ಸ್ಪ್ಯಾನರ್. ಒಂದು ಸಲಕ್ಕೆ ಒಂದೇ ಬೇರಿಂಗ್, ಎರಡನ್ನೂ ಒಟ್ಟಿಗೆ ಎಳೆಯಲು ಹೋಗಬೇಡಿ. ಒಂದೇ ಸಮನೆ ತಿರುಗುತ್ತಿದ್ದ ನಟ್ ಇದ್ದಕ್ಕಿದ್ದಂತೆ ಕಲ್ಲಾಗುತ್ತದೆ. ಗುಳಿಯ ತಳ ಸಿಕ್ಕಿತು ಅಂತ ಅರ್ಥ, ಅಲ್ಲೇ ನಿಲ್ಲಿಸಿ. ಮೊದಲು ಕ್ಯಾಸೆಟ್ ಬದಿಯದು ಕೂರಿಸುವುದು ನನ್ನ ರೂಢಿ, ಆಮೇಲೆ ಆಕ್ಸಲ್ ಅಥವಾ ನಡುವಿನ ಕೊಳವೆ, ಆಮೇಲೆ ಡಿಸ್ಕ್ ಬದಿಯದು. ಕೊಳವೆ ಮರೆತು ಎರಡನೆಯದನ್ನು ಕೂರಿಸಿದರೆ ಎಲ್ಲ ಮತ್ತೆ ಮೊದಲಿನಿಂದ.

ಎಲ್ಲರೂ ಎಡವುವುದು ಎರಡನೆಯ ಬೇರಿಂಗಿನಲ್ಲಿ. ಅದು ಒಳಗೆ ಹೋಗುತ್ತಾ ಅದರ ಒಳ ಬಳೆ ಆಕ್ಸಲ್ಲಿನ ಭುಜಕ್ಕೋ ಕೊಳವೆಗೋ ಬಂದು ತಾಗುತ್ತದೆ. ತಾಗಿದ ಮೇಲೂ ಹೊರ ಬಳೆಯನ್ನು ಒತ್ತುತ್ತಾ ಹೋದರೆ ಹೊರ ಬಳೆ ಒಂದು ಕಡೆ, ಒಳ ಬಳೆ ಇನ್ನೊಂದು ಕಡೆ, ನಡುವೆ ಗುಂಡುಗಳು ಹಿಂಡಿಕೊಂಡು ಆಕ್ಸಲ್ ಬಿಗಿಯಾಗುತ್ತದೆ. ಹೀಗೆ ಓಡಿಸಿದರೆ ಒಂದೇ ತಿಂಗಳಲ್ಲಿ ಹೊಸದೂ ಹಾಳು. ಅದಕ್ಕೆ ಕೊನೆಯ ಹಂತದಲ್ಲಿ ಕಾಲು ಸುತ್ತು ಬಿಗಿ ಮಾಡಿ, ನಟ್ ಸಡಿಲಿಸಿ, ಆಕ್ಸಲ್ ತಿರುಗಿಸಿ ನೋಡಿ. ಹಗುರಾಗಿ ತಿರುಗಿ, ಅತ್ತಿತ್ತ ಆಡದಿದ್ದರೆ ಮುಗಿಯಿತು. ಜಾಸ್ತಿ ಬಿಗಿಯಾದ ಹಾಗೆ ಅನ್ನಿಸಿದರೆ ಎದುರು ಬದಿಯಿಂದ ಆಕ್ಸಲ್ಲಿನ ತುದಿಗೆ ಮರ ಇಟ್ಟು ಒಂದು ಸಣ್ಣ ಪೆಟ್ಟು. ಬೇರಿಂಗ್ ಕೂದಲಷ್ಟು ಹಿಂದೆ ಸರಿದು ಸಡಿಲವಾಗುವುದು ಕೈಗೆ ಗೊತ್ತಾಗುತ್ತದೆ. ದಪ್ಪ ಕಂಬಿ ಹಬ್ ಮೂಲಕ ತೂರಿ ಹೋಗುವ 12 ಎಂಎಂ ಥ್ರೂ ಆಕ್ಸಲ್ ಹಬ್‌ಗಳಲ್ಲಿ ಟೊಳ್ಳು ದೊಡ್ಡದು, ರಾಡ್ ಆರಾಮಾಗಿ ದಾಟುತ್ತದೆ. ಕ್ವಿಕ್ ರಿಲೀಸ್ ಆಕ್ಸಲ್ಲಿನ ತೂತಿನಲ್ಲಿ 5 ಎಂಎಂ ರಾಡ್ ಮಾತ್ರ ಹೋಗುತ್ತದೆ, ಅದಕ್ಕೆ ಅಷ್ಟು ಬಲ ಇಲ್ಲ. ಅಲ್ಲಿ ಉದ್ದನೆಯ ಸಾಕೆಟ್ ಇಟ್ಟು ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುವುದೇ ವಾಸಿ.

ಫ್ರೀಹಬ್ಬಿನ ಪಾಲ್‌ಗಳಿಗೆ ಮಾತ್ರ ಆ ದಪ್ಪ ಗ್ರೀಸ್ ಮೆತ್ತಬೇಡಿ. ಡಿಸೆಂಬರಿನ ಬೆಳಗಿನ ಚಳಿಗೆ ಅದು ಮೇಣವಾಗಿ ಪಾಲ್ ಅಂಟಿಕೊಳ್ಳುತ್ತದೆ, ಏರಿನಲ್ಲಿ ಎದ್ದು ನಿಂತು ತುಳಿದಾಗ ಹಲ್ಲು ಕಚ್ಚದೆ ಪೆಡಲ್ ಖಾಲಿ ತಿರುಗಿ ಮಂಡಿ ಹೋಗಿ ಹ್ಯಾಂಡಲ್ಲಿಗೆ ಬಡಿಯುತ್ತದೆ. ತೆಳ್ಳನೆ ಎಣ್ಣೆ, ಅಥವಾ ಫ್ರೀಹಬ್ಬಿಗೆಂದೇ ಬರುವ ತೆಳು ಗ್ರೀಸ್ ಸಾಕು. ಪಾಲ್‌ಗಳನ್ನು ಒಳಕ್ಕೆ ಅದುಮಿ ಹಿಡಿಯಲು ಎರಡು ಕೈ ಸಾಲದು. ಹೊಲಿಗೆ ದಾರ ಸುತ್ತಿ ಕಟ್ಟಿ, ಫ್ರೀಹಬ್ ಒಳಗೆ ಜಾರಿಸುತ್ತಾ ದಾರ ಎಳೆದುಕೊಳ್ಳಿ.

ಉಳಿದದ್ದು ಬಿಚ್ಚಿದ್ದರ ಉಲ್ಟಾ. ಕ್ಯಾಸೆಟ್ಟಿನ ರಿಂಗ್ 40 ನ್ಯೂಟನ್ ಮೀಟರ್, ಅಂದರೆ ಒಂದಡಿ ಹಿಡಿಕೆಯಲ್ಲಿ ಒಳ್ಳೆಯ ಬಿಗಿ. ಡಿಸ್ಕಿನ ಆರು ಸ್ಕ್ರೂಗಳನ್ನು ಎದುರುಬದುರಾಗಿ, ಸ್ಕ್ರೂ ಸಡಿಲವಾಗದ ಹಾಗೆ ಹಿಡಿಯುವ ನೀಲಿ ಅಂಟಿನ ಒಂದು ಹನಿ ಹಾಕಿ, 4ರಿಂದ 6 ನ್ಯೂಟನ್ ಮೀಟರ್. ಕೈಯಲ್ಲಿ ಗ್ರೀಸ್ ಇದ್ದರೆ ಡಿಸ್ಕ್ ಮುಟ್ಟುವ ಮೊದಲು ಸೋಪು.

ಮೊದಲ ರೈಡ್ ಹತ್ತಿರದಲ್ಲೇ, ಇಪ್ಪತ್ತು ಕಿಲೋಮೀಟರ್ ಸಾಕು. ಬಂದ ಮೇಲೆ ಟಯರ್ ಹಿಡಿದು ಅಲ್ಲಾಡಿಸಿ. ಬೇರಿಂಗ್ ಪೂರ್ತಿ ತಳ ಸೇರದೆ ಉಳಿದಿದ್ದರೆ ಈಗ ಸೇರಿ ಸಣ್ಣ ಲೂಸ್ ಕಾಣಿಸುತ್ತದೆ, ಟೋಪಿ ಅಥವಾ ಆಕ್ಸಲ್ ಇನ್ನೊಮ್ಮೆ ಬಿಗಿ ಮಾಡಿದರೆ ಹೋಗುತ್ತದೆ. ಹೋಗದಿದ್ದರೆ ಮತ್ತೆ ಬಿಚ್ಚಿ ನೋಡಬೇಕು, ಬೇರೆ ದಾರಿ ಇಲ್ಲ. ಇನ್ನು ತೊಳೆಯುವುದು ಬಕೆಟ್, ಬ್ರಷ್‌ನಲ್ಲಿ. ತೋಡು ದಾಟುವಾಗ ಹಬ್ ಮುಳುಗುವಷ್ಟು ನೀರಿದ್ದರೆ ಸೈಕಲ್ಲನ್ನು ಹೆಗಲಿಗೆ ಹಾಕಿಕೊಳ್ಳಿ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಹಿಡಿದು ಬೆಚ್ಚಗಾದ ಹಬ್ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ.

ಗ್ರೈಂಡರಿನಲ್ಲಿ ಸವೆಸಿದ ಹಳೆಯ ಬೇರಿಂಗನ್ನು ಎಸೆಯಬೇಡಿ. ಥ್ರೆಡ್ ರಾಡ್, ನಟ್, ವಾಷರ್ ಜೊತೆ ಒಂದು ಬಿಸ್ಕತ್ ಡಬ್ಬಿಗೆ ಹಾಕಿ, ಮುಚ್ಚಳದ ಮೇಲೆ ಮುಂದಿನ ಹಬ್, ಹಿಂದಿನ ಹಬ್, ಫ್ರೀಹಬ್ ಮೂರರ ನಂಬರನ್ನೂ ಮಾರ್ಕರಿನಲ್ಲಿ ಬರೆದಿಡಿ. ಮುಂದಿನ ಸೆಪ್ಟೆಂಬರಿಗೆ ಬೇಕಾಗುತ್ತದೆ.